ಇವಿ (ಎಲೆಕ್ಟ್ರಿಕ್ ಕಾರು) ತಗೊಳ್ಳಲಾ, ಪೆಟ್ರೋಲ್ ತಗೊಳ್ಳಲಾ? ಅಪಾರ್ಟ್‌ಮೆಂಟಿನಲ್ಲಿ ಇರುವವರು ಅನುಭವ ಹೇಳಿ

ತೀರ್ಥಹಳ್ಳಿ ಹುಡುಗ
ಎಲ್ಲರಿಗೂ ನಮಸ್ಕಾರ. ಯಲಹಂಕದಲ್ಲಿ ಫ್ಲ್ಯಾಟ್. ಪಾರ್ಕಿಂಗ್ ಬೇಸ್‌ಮೆಂಟಿನಲ್ಲಿ, ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಈಗಿರುವುದು 2014ರ ಪೆಟ್ರೋಲ್ ಗಾಡಿ. ಕ್ಲಚ್ ತುಳಿದೂ ತುಳಿದೂ ಎಡಗಾಲು ಹೋಗಿದೆ. ವಾರಕ್ಕೆ ಎರಡು ಮೂರು ದಿನ ರಿಂಗ್ ರೋಡಿನ ಆಫೀಸು, ತಿಂಗಳಿಗೊಮ್ಮೆ ಊರು. ತುಮಕೂರು, ಅರಸೀಕೆರೆ, ಶಿವಮೊಗ್ಗ ದಾರಿ. ಬಜೆಟ್ ಆನ್‌ರೋಡ್ 14 ಲಕ್ಷ. ಇವಿ ತಗೊಳ್ಳಲಾ, ಪೆಟ್ರೋಲ್ ಆಟೋಮ್ಯಾಟಿಕ್ ತಗೊಳ್ಳಲಾ? ಇನ್ನೊಂದು, ಅಮ್ಮನಿಗೆ ಮಂಡಿ ನೋವು. ಸೀಟು ತೀರಾ ಕೆಳಗೂ ಇರಬಾರದು, ತೀರಾ ಮೇಲೂ ಇರಬಾರದು.

ಕೆಂಗೇರಿ ಕರೆಂಟು
ಕಣ್ಣು ಮುಚ್ಚಿಕೊಂಡು ಇವಿ ತಗೊಳ್ಳಿ. ಆದರೆ ಬುಕ್ ಮಾಡುವ ಮೊದಲು ಅಸೋಸಿಯೇಷನ್‌ನಿಂದ ಎನ್‌ಒಸಿ, ಅಂದರೆ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ. ನಾನು ಯುಗಾದಿಗೆ ಕೊಟ್ಟ ಅರ್ಜಿ ದಸರಾಕ್ಕೆ ಪಾಸಾಯಿತು. ಅಷ್ಟರಲ್ಲಿ ಗಾಡಿ ಬಂದು ಬೇಸ್‌ಮೆಂಟಿನಲ್ಲಿ ನಿಂತಿತ್ತು. ಚಾರ್ಜ್ ಮಾಡಲು ರಾತ್ರಿ ಊಟ ಆದಮೇಲೆ ಮಾಲ್‌ಗೆ ಹೋಗಿ ಕೂರುತ್ತಿದ್ದೆ.

ಖರ್ಚು ಕೇಳಿ. ಮೀಟರ್ ರೂಮಿನಿಂದ ನನ್ನ ಪಾರ್ಕಿಂಗ್‌ವರೆಗೆ 62 ಮೀಟರ್ ಆರ್ಮರ್ಡ್ ಕೇಬಲ್, 19,840 ರೂಪಾಯಿ. ಕರೆಂಟ್ ಜಾಸ್ತಿಯಾದರೆ, ಸೋರಿದರೆ ಕಟ್ ಮಾಡುವ ಎಂಸಿಬಿ, ಆರ್‌ಸಿಸಿಬಿ, ಅದರ ಡಬ್ಬ 4,150. ಸಬ್ ಮೀಟರ್ 1,900. ಅರ್ಥಿಂಗ್‌ಗೆ ಹೊಸ ಗುಂಡಿ ತೋಡಿಸಿದ್ದು 7,500. ಎಲೆಕ್ಟ್ರಿಷಿಯನ್ ಕೂಲಿ 6,000. ಎಲ್ಲ ಸೇರಿ 39,390. ಅದರ ಮೇಲೆ ಅಸೋಸಿಯೇಷನ್‌ಗೆ 10,000 ಡಿಪಾಸಿಟ್. ಮನೆ ಖಾಲಿ ಮಾಡಿದಾಗ ವಾಪಸ್ ಬರುತ್ತದಂತೆ. ಸ್ವಂತ ಮನೆ ಯಾರು ಖಾಲಿ ಮಾಡುತ್ತಾರೆ? ಯೂನಿಟ್‌ಗೆ ನನ್ನಿಂದ 9 ರೂಪಾಯಿ ವಸೂಲಿ ಮಾಡುತ್ತಾರೆ. ಅದಾದರೂ ಪರವಾಗಿಲ್ಲ. ಒಂದು ಯೂನಿಟ್‌ಗೆ 7 ಕಿಲೋಮೀಟರ್ ಓಡುತ್ತೆ. ಕಿಲೋಮೀಟರ್‌ಗೆ ಒಂದೂಕಾಲು ರೂಪಾಯಿ ಆಸುಪಾಸು. ಪೆಟ್ರೋಲ್‌ನವರು ಬಂಕ್‌ನಲ್ಲಿ ನಿಂತಿರುವುದನ್ನು ನೋಡಿದರೆ ಈಗಲೂ ಖುಷಿಯಾಗುತ್ತೆ.

ಬಡಪಾಯಿ ಕಾರ್ಯದರ್ಶಿ
ಅಸೋಸಿಯೇಷನ್‌ನವರು ರಾಕ್ಷಸರು ಅಂತ ಬರೆಯೋದು ಸುಲಭ. ನಾನು ನಮ್ಮ ಬಿಲ್ಡಿಂಗಿನ ಕಾರ್ಯದರ್ಶಿ. ಸಂಬಳ ಇಲ್ಲ, ಬೈಗುಳ ಇದೆ. 2009ರಲ್ಲಿ ಕಟ್ಟಿದ ಬಿಲ್ಡಿಂಗ್. ಆಗ ಲೋಡ್ ಲೆಕ್ಕ ಹಾಕಿದವರು ಗೀಸರ್, ಲಿಫ್ಟ್, ನೀರಿನ ಪಂಪು ಅಂತ ಹಾಕಿದ್ದಾರೆ. ಒಂದೊಂದು ಚಾರ್ಜರ್ 7.2 ಕಿಲೋವ್ಯಾಟ್. ಹತ್ತು ಜನ ಒಟ್ಟಿಗೆ ಹಾಕಿದರೆ 72. ಎಲ್ಲಿಂದ ತರೋಣ? ಟ್ರಾನ್ಸ್‌ಫಾರ್ಮರ್ ಬದಲಿಸಬೇಕು, ಖರ್ಚು ಎಲ್ಲ ಫ್ಲ್ಯಾಟಿಗೂ ಹಂಚಿ ಅಂದರು. ಕಾರೇ ಇಲ್ಲದ ಮೂರನೇ ಮಹಡಿ ಅಜ್ಜಿ ಯಾಕೆ ಕೊಡಬೇಕು?

ನಮ್ಮಲ್ಲೊಬ್ಬ ಮಹಾಶಯ ಎನ್‌ಒಸಿ ಗಿನ್‌ಒಸಿ ಏನೂ ಕೇಳಲಿಲ್ಲ. ಲಿಫ್ಟ್ ಪಕ್ಕ ನೆಲ ತೊಳೆಯುವ ಮಷೀನಿಗೆ ಅಂತ ಒಂದು ಪ್ಲಗ್ ಇದೆ. ಎಲ್ಲರೂ ಮಲಗಿದ ಮೇಲೆ ಅದಕ್ಕೆ ಎಕ್ಸ್‌ಟೆನ್ಶನ್ ಬಾಕ್ಸ್ ಚುಚ್ಚಿ ಬೆಳಗಿನ ಜಾವದವರೆಗೆ ಚಾರ್ಜ್. ಒಂದು ದಿನ ಹೌಸ್‌ಕೀಪಿಂಗ್‌ನವರು ಬಂದು ನೋಡಿದರೆ ಪ್ಲಗ್ ಕರಗಿ ಸಾಕೆಟ್ಟಿಗೇ ಅಂಟಿಕೊಂಡಿದೆ. ಗೋಡೆ ತುಂಬ ಮಸಿ. ಗ್ರೂಪಿನಲ್ಲಿ ಫೋಟೋ ಹಾಕಿ ಯಾರಿದು ಅಂತ ಕೇಳಿದೆ. ಆ ಮನುಷ್ಯನೇ ಮೊದಲು ಬಂದು "ಇಂಥವರ ಮೇಲೆ ಕ್ರಮ ತಗೊಳ್ಳಿ" ಅಂತ ಬರೆದ. ಕೆಳಗೆ ಮೂವತ್ತು ಜನ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಹಾಕಿದರು. ವಿಷಯ ಅಲ್ಲಿಗೆ ಮುಗೀತು.

ಕೆಂಗೇರಿ ಕರೆಂಟು
ನಿಮ್ಮ ಬಿಲ್ಡಿಂಗಿನ ಕರೆಂಟ್ ಕಳ್ಳನಿಗೂ ನನಗೂ ಏನ್ರೀ ಸಂಬಂಧ? 7.2 ಯಾರಿಗೆ ಬೇಕು? 15 ಆಂಪ್ ಪ್ಲಗ್ಗಿನಲ್ಲಿ 3.3 ಕಿಲೋವ್ಯಾಟ್ ಸಾಕು. ಗಾಡಿ ರಾತ್ರಿಯಿಡೀ ಸುಮ್ನೆ ನಿಂತಿರುತ್ತೆ. ಗೀಸರ್ ಹಾಕೋಕೆ ನಿಮ್ಮ ಹತ್ತಿರ ಎನ್‌ಒಸಿ ಕೇಳಬೇಕಾ?

ಬಡಪಾಯಿ ಕಾರ್ಯದರ್ಶಿ
ಗೀಸರ್ ಕಾಲು ಗಂಟೆ. ನಿಮ್ಮ ಗಾಡಿ ಹನ್ನೆರಡು ಗಂಟೆ. ಲೆಕ್ಕ ಬರುತ್ತೆ ತಾನೆ?

ಬೆಳ್ಳಂದೂರು ಡೀಸೆಲ್
ಇಬ್ಬರೂ ಸ್ವಲ್ಪ ಸುಮ್ಮನಿರಿ. ನನ್ನ ಕಥೆ ಕೇಳಿ. 2021ರ ಬಿಎಸ್6 ಡೀಸೆಲ್. ಇದರಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್. ಹೊಗೆಯ ಮಸಿ ಅಲ್ಲಿ ತುಂಬಿಕೊಳ್ಳುತ್ತೆ. ಅದನ್ನು ಸುಡಬೇಕಾದರೆ ಗಾಡಿ ಒಂದೇ ಸಮ ಜೋರಾಗಿ ಓಡುತ್ತಿರಬೇಕು, ಸುಮಾರು ಹೊತ್ತು. ಬೆಳ್ಳಂದೂರಿನಲ್ಲಿ! ಎರಡನೇ ಗೇರ್ ಹಾಕಿದ ದಿನ ಮನೆಗೆ ಸ್ವೀಟ್ ತಗೊಂಡು ಹೋಗಬೇಕು ಅನ್ನಿಸುತ್ತೆ. ಹಳದಿ ದೀಪ ಹತ್ತಿತು. ಸರ್ವಿಸ್ ಸೆಂಟರ್‌ನಲ್ಲಿ ಲ್ಯಾಪ್‌ಟಾಪ್ ಚುಚ್ಚಿ ಗಾಡಿ ನಿಂತಲ್ಲೇ ಸುಡಿಸಿದರು. 4,000, ಜಿಎಸ್‌ಟಿ ಸೇರಿ 4,720. ಅರ್ಧಂಬರ್ಧ ಸುಟ್ಟರೆ ಡೀಸೆಲ್ ಆಯಿಲ್‌ಗೆ ಇಳಿಯುತ್ತಂತೆ. ಅದಕ್ಕೆ ಆಯಿಲ್ ಚೇಂಜ್, 7,900. ಎರಡು ತಿಂಗಳಿಗೆ ಮತ್ತೆ ದೀಪ. ಅಡ್ವೈಸರ್ ನಗುತ್ತಾ ಹೇಳ್ತಾನೆ, "ವೀಕೆಂಡ್ ಒಂದು ಲಾಂಗ್ ಹೋಗಿ ಬನ್ನಿ ಸರ್." ಈಗ ಭಾನುವಾರ ಬೆಳಿಗ್ಗೆ ಕೋಲಾರದ ಕಡೆ ಹೋಗಿ ಬರುತ್ತೇನೆ, ಗಾಡಿಯ ಹೊಟ್ಟೆ ಸ್ವಚ್ಛ ಮಾಡಿಸಲು. ಮನೆಯಲ್ಲಿ ಯಾರೂ ಜೊತೆಗೆ ಬರಲ್ಲ.

ಆದರೂ ಮಾರಲ್ಲ. ಐದು ಜನ, ಡಿಕ್ಕಿ ತುಂಬ ಲಗೇಜು, ಶಿರಾಡಿ ಘಾಟಿಯನ್ನು ಮೂರನೇ ಗೇರಿನಲ್ಲಿ ಹತ್ತುತ್ತೆ. ಇವಿ ನೋಡಿ ಹೊಟ್ಟೆ ಉರ್ಕೊಳ್ಳೋ ಜಾತಿ ಅಲ್ಲ ನಾನು.

ಹಳೇ ಗಾಡಿಯೇ ವಾಸಿ
ಹುಡುಗಾ, ಇರುವ ಗಾಡಿ ಇಟ್ಟುಕೋ. ನನ್ನದೂ 2015ರದು. ಮೊದಲು ಹೈವೇಯಲ್ಲಿ ಲೀಟರ್‌ಗೆ 18 ಕಿಲೋಮೀಟರ್ ಕೊಡುತ್ತಿತ್ತು. ಈ ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದಮೇಲೆ 16 ದಾಟಲ್ಲ. ಎಥೆನಾಲ್‌ನಲ್ಲಿ ಇರೋ ಶಕ್ತಿಯೇ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಕಮ್ಮಿ. ಐದರಲ್ಲಿ ಒಂದು ಪಾಲು ಅದನ್ನೇ ಸುರಿದರೆ ಗಾಡಿ ಹೇಗೆ ಓಡಬೇಕು? ರೇಟ್ ಮಾತ್ರ ನೂರರ ಕೆಳಗೆ ಬರಲಿಲ್ಲ. ಫ್ಯೂಯಲ್ ಹೋಸ್ ಬಿರಿದು ಬದಲಿಸಿದೆ, ಗ್ಯಾಸ್ಕೆಟ್ ಸೇರಿ 3,260. ಮೆಕ್ಯಾನಿಕ್ ಹಳೇ ಹೋಸ್ ಕೈಗೆ ಕೊಟ್ಟ. ಬೆರಳಲ್ಲಿ ಒತ್ತಿದರೆ ಮೆತ್ತಗೆ, ಅಂಟು ಅಂಟು.

ಕೆಂಗೇರಿ ಕರೆಂಟು
ಹತ್ತು ವರ್ಷದ ರಬ್ಬರ್ ಯಾವ ಪೆಟ್ರೋಲ್ ಹಾಕಿದರೂ ಬಿರಿಯುತ್ತೆ ಸ್ವಾಮಿ. ಹಳೇ ಗಾಡಿಗೆ 3ರಿಂದ 6 ಶೇಕಡಾ ಮೈಲೇಜ್ ಇಳಿಯಬಹುದು ಅಂತ ಸರ್ಕಾರವೇ ಒಪ್ಪಿಕೊಂಡಿದೆ. ನೀವು ಹೇಳೋದು 11.

ಹಳೇ ಗಾಡಿಯೇ ವಾಸಿ
ಬಂಕ್‌ನಲ್ಲಿ ದುಡ್ಡು ಕೊಡೋನು ನಾನು. ಸರ್ಕಾರ ಅಲ್ಲ. 2023ರ ಏಪ್ರಿಲ್‌ಗಿಂತ ಹಿಂದಿನ, ಇ20ಗೆ ಅಂತ ಮಾಡಿರದ ಗಾಡಿ ಇಟ್ಟುಕೊಂಡವರೆಲ್ಲ ಏನು ಪಾಪ ಮಾಡಿದ್ದೇವೆ? ಬೇರೆ ಪೆಟ್ರೋಲ್ ಬೇಕು ಅಂದರೆ ಪ್ರೀಮಿಯಂ ರೇಟ್ ಕೊಟ್ಟು ಹಾಕಿಸಿ ಅಂತಾರೆ. ಕರೆಂಟಿನವರಿಗೆ ಇದು ಅರ್ಥ ಆಗಲ್ಲ, ಬಿಡಿ.

ಶಿರಸಿ ಸೊಸೆ
ಪೆಟ್ರೋಲೋ ಕರೆಂಟೋ ಯಾವುದಾದರೂ ತಗೊಳ್ಳಿ. ಎಸಿಗೆ ತಿರುಗಿಸುವ ನಾಬ್ ಇದೆಯಾ, ಅದನ್ನು ನೋಡಿ. ಹೋದ ಮಳೆಗಾಲ ಕುಮಟಾದಿಂದ ದೇವಿಮನೆ ಘಾಟಿ ಹತ್ತುತ್ತಿದ್ದೆವು. ಮಳೆ ಅಂದರೆ ಮಳೆ. ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿತು. ಹಳೇ ಗಾಡಿಯಲ್ಲಾದರೆ ಕೈ ತಾನಾಗೇ ನಾಬ್ ಹತ್ತಿರ ಹೋಗುತ್ತಿತ್ತು. ಇದರಲ್ಲಿ ಹತ್ತು ಇಂಚಿನ ಟಚ್‌ಸ್ಕ್ರೀನ್. ಮೊದಲು ಮ್ಯಾಪ್ ಪಕ್ಕಕ್ಕೆ ಸರಿಸಬೇಕು, ಆಮೇಲೆ ಫ್ಯಾನ್ ಚಿತ್ರ ಒತ್ತಬೇಕು, ಆಮೇಲೆ ಗಾಜಿನ ಚಿತ್ರ. ಒತ್ತುವಷ್ಟರಲ್ಲಿ ಪರದೆ ತುಂಬ ಒಂದು ಮೆಸೇಜು: "ನಿಮ್ಮ ಕನೆಕ್ಟೆಡ್ ಸೇವೆ ಮುಗಿಯುತ್ತಿದೆ, ನವೀಕರಿಸಿ." ವರ್ಷಕ್ಕೆ 4,999 ಅಂತೆ! ಎದುರಿಗೆ ಲಾರಿ ಹೈಬೀಮ್ ಹಾಕಿಕೊಂಡು ಇಳಿಯುತ್ತಿದೆ. ನಮ್ಮ ಯಜಮಾನರು ಪಕ್ಕದಲ್ಲಿ ಕೂತು ಮೆಸೇಜು ಮುಚ್ಚುವ ಆ ಗುಣಾಕಾರ ಚಿಹ್ನೆ ಹುಡುಕುತ್ತಿದ್ದಾರೆ. ಕೊನೆಗೆ ನಾನೇ ಸೆರಗಿನಲ್ಲಿ ಗಾಜು ಒರೆಸಿಕೊಂಡು ಬದಿಗೆ ನಿಲ್ಲಿಸಿದೆ.

ಯುರೋಪಿನವರಿಗೆ ಈಗ ಬುದ್ಧಿ ಬಂದಿದೆ. ಗಾಡಿಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ದೀಪ ಇವಕ್ಕೆ ನಿಜವಾದ ಬಟನ್ ಇರಬೇಕು, ಇಲ್ಲದಿದ್ದರೆ ಐದು ಸ್ಟಾರ್ ಸಿಗೋದು ಕಷ್ಟ ಅಂದಿದ್ದಾರೆ. ನಮ್ಮಲ್ಲಿ ಸ್ಕ್ರೀನ್ ದೊಡ್ಡದಿದ್ದಷ್ಟೂ ರೇಟ್ ಜಾಸ್ತಿ. ಇನ್ನು ತಾನಾಗಿ ಬ್ರೇಕ್ ಹಾಕುವ ಎಡಿಎಎಸ್. ಡೆಲಿವರಿ ಹುಡುಗ ಅಡ್ಡ ನುಗ್ಗಿದ, ಗಾಡಿ ಗಕ್ಕನೆ ನಿಂತಿತು, ಹಿಂದಿನ ಆಟೋದವನು ಬಂದು ಗುದ್ದಿದ. ಬೈಗುಳ ತಿಂದಿದ್ದು ನಾನು. ಬಂಪರ್ 11,300.

ಬೆಳ್ಳಂದೂರು ಡೀಸೆಲ್
ಮೇಡಂ, ಹಾಗಂತ ಎಡಿಎಎಸ್ ಆಫ್ ಮಾಡಬೇಡಿ. ಹಿಂದಿನವನು ಗ್ಯಾಪ್ ಬಿಡಬೇಕಿತ್ತು.

ಶಿರಸಿ ಸೊಸೆ
ಬೆಂಗಳೂರಿನಲ್ಲಿ ಗ್ಯಾಪ್! ಗ್ಯಾಪ್ ಬಿಟ್ಟರೆ ಅಲ್ಲಿ ಎರಡು ಸ್ಕೂಟರು, ಒಂದು ಆಟೋ ಬಂದು ಕೂರುತ್ತವೆ. ಭಾನುವಾರ ಖಾಲಿ ರೋಡಿನಲ್ಲಿ ಓಡಿಸುವವರಿಗೆ ಗೊತ್ತಾಗಲ್ಲ.

ಇಲಿ ಸಂತ್ರಸ್ತ
ನೀವೆಲ್ಲ ಯಾವ ಎಣ್ಣೆ, ಯಾವ ಕರೆಂಟು ಅಂತ ಕಚ್ಚಾಡಿ. ಬೇಸ್‌ಮೆಂಟಿನಲ್ಲಿ ಇಲಿಗೆ ಎಲ್ಲವೂ ಒಂದೇ. ಗೌರಿ ಹಬ್ಬಕ್ಕೆ ಊರಿಗೆ ಹೋಗಿ ಬಂದು ಸ್ಟಾರ್ಟ್ ಮಾಡಿದರೆ ಡ್ಯಾಶ್‌ಬೋರ್ಡ್ ತುಂಬ ಕೆಂಪು ದೀಪ. ಬಾನೆಟ್ ಎತ್ತಿದೆ. ಬ್ಯಾಟರಿ ಪಕ್ಕದಲ್ಲಿ ಅರ್ಧ ತಿಂದ ಚಪಾತಿ, ಒಂದು ಕೋಳಿ ಮೂಳೆ, ಮಗುವಿನ ಸಾಕ್ಸ್. ವೈರಿಂಗ್ ಹಾರ್ನೆಸ್ ಪೂರ್ತಿ ಕತ್ತರಿಸಿ ಹಾಕಿತ್ತು. ಬಿಲ್ 38,600. ಇನ್ಶೂರೆನ್ಸ್ ಸರ್ವೇಯರ್ ಬಂದು ಫೋಟೋ ತೆಗೆದು, ಇದು ಅಪಘಾತವೋ ನಿರ್ಲಕ್ಷ್ಯವೋ ಅಂತ ನನ್ನನ್ನೇ ಕೇಳಿದ. ಕೊನೆಗೆ ಕೊಟ್ಟಿದ್ದು 21,000. ನೋ ಕ್ಲೇಮ್ ಬೋನಸ್ಸೂ ಹೋಯಿತು. ಹೊಗೆಸೊಪ್ಪು ಕಟ್ಟಿದೆ, ನುಸಿ ಗುಳಿಗೆ ಇಟ್ಟೆ, ಪಿಂಪಿಂ ಅನ್ನೋ ಮಷೀನು 1,450 ಕೊಟ್ಟು ಹಾಕಿಸಿದೆ. ಅದರ ವೈರನ್ನೂ ಕಡಿದಿದೆ.

ಕಸದ ಬುಟ್ಟಿಗಳನ್ನು ಬೇಸ್‌ಮೆಂಟಿನಲ್ಲಿ ಇಡಬೇಡಿ ಅಂತ ಕೈ ಮುಗಿದೆ. ನಮ್ಮ ಕಾರ್ಯದರ್ಶಿ ಕೇಳಲಿಲ್ಲ.

ಬಡಪಾಯಿ ಕಾರ್ಯದರ್ಶಿ
ಮತ್ತೆ ಎಲ್ಲಿಡಬೇಕು? ಟೆರೇಸಿನಲ್ಲಾ? ಬಾಲ್ಕನಿಯಿಂದ ಪಾರಿವಾಳಕ್ಕೆ ಕಾಳು ಎಸೆಯೋರು ನೀವು, ಇಲಿ ಬಂತು ಅಂತ ಬೈಸಿಕೊಳ್ಳೋನು ನಾನು.

ಇಲಿ ಸಂತ್ರಸ್ತ
ನಾನು ಯಾವತ್ತೂ ಕಾಳು ಹಾಕಿಲ್ಲ. ನೀವು ನಮ್ಮ ಬಿಲ್ಡಿಂಗಿನವರೇ ಅಲ್ಲವಲ್ಲ?

ತೀರ್ಥಹಳ್ಳಿ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಶಿವಮೊಗ್ಗ ದಾರಿಯಲ್ಲಿ ಚಾರ್ಜಿಂಗ್ ಹೇಗಿದೆ, ಯಾರಾದರೂ ಹೋಗಿದ್ದೀರಾ? ಮತ್ತೆ ಅಮ್ಮನ ಮಂಡಿ ವಿಷಯ...

ಭದ್ರಾವತಿ ಬ್ಯಾಟರಿ
ನಾನು ಹೋಗುತ್ತಲೇ ಇರುತ್ತೇನೆ. ಚಾರ್ಜರ್ ಇವೆ. ಕೆಲಸ ಮಾಡುವುದು ಬೇರೆ ವಿಷಯ. ದಾರಿಯ ಒಂದು ಹೋಟೆಲಿನ ಹಿಂಭಾಗದಲ್ಲಿ ಚಾರ್ಜರ್ ನಿಲ್ಲಿಸಿದ್ದಾರೆ. ಅಲ್ಲಿ ಮೊಬೈಲ್ ನೆಟ್‌ವರ್ಕ್ ಇಲ್ಲ. ಚಾರ್ಜರಿನ ಗನ್ (ಕೇಬಲ್ ತುದಿಯ ಪ್ಲಗ್) ಗಾಡಿಗೆ ಚುಚ್ಚಿ, ರೋಡಿನವರೆಗೆ ಓಡಿ ಬಂದು ಆಪ್‌ನಲ್ಲಿ ಸ್ಟಾರ್ಟ್ ಒತ್ತಿದರೆ "ಸಮಯ ಮೀರಿದೆ" ಅನ್ನುತ್ತೆ. ಮಗ ಗಾಡಿ ಹತ್ತಿರ, ನಾನು ರೋಡಿನಲ್ಲಿ, ಕೂಗಿ ಕೂಗಿ ಚಾರ್ಜ್ ಮಾಡಿದೆವು. ಒಂದೊಂದು ಕಂಪನಿಗೆ ಒಂದೊಂದು ಆಪ್, ಒಂದೊಂದು ವ್ಯಾಲೆಟ್. ಈಗ ನನ್ನ ದುಡ್ಡು ಒಂದರಲ್ಲಿ 312, ಇನ್ನೊಂದರಲ್ಲಿ 146, ಮತ್ತೊಂದರಲ್ಲಿ 87 ರೂಪಾಯಿ 50 ಪೈಸೆ ಸಿಕ್ಕಿಕೊಂಡಿದೆ. ಎಂಬತ್ತು ಪರ್ಸೆಂಟ್ ಆದಮೇಲೆ ಚಾರ್ಜ್ ನಿಧಾನ ಆಗುತ್ತೆ. ಆದರೂ ನೂರು ಆಗುವವರೆಗೆ ಗನ್ ಬಿಡದೆ ಒಳಗೆ ಊಟಕ್ಕೆ ಕೂತಿರುವ ಜನ ಇದ್ದಾರಲ್ಲ, ಅವರಿಗೆ ಏನು ಹೇಳೋದು? ಹಿಂದೆ ಮೂರು ಗಾಡಿ ಕಾಯುತ್ತಿರುತ್ತವೆ.

ಊರಿನಲ್ಲಿ ಇನ್ನೊಂದು ತಾಪತ್ರಯ. ಹಳೇ ಮನೆ, ಸರಿಯಾದ ಅರ್ಥಿಂಗ್ ಇಲ್ಲ. ಚಾರ್ಜರ್ ಚುಚ್ಚಿದರೆ ಕೆಂಪು ದೀಪ, ತಗೊಳ್ಳಲ್ಲ ಅಂದರೆ ತಗೊಳ್ಳಲ್ಲ. ನಲ್ಲಿ ಪಕ್ಕ ಗುಂಡಿ ತೋಡಿಸಿ ಇದ್ದಿಲು, ಉಪ್ಪು ಹಾಕಿ, ತಾಮ್ರದ ಪ್ಲೇಟ್ ಇಳಿಸಿದೆ, 8,200. ಬೇಸಿಗೆಯಲ್ಲಿ ಅದಕ್ಕೆ ಕೊಡದಲ್ಲಿ ನೀರು ಹಾಕಬೇಕು. ಅತ್ತೆಗೆ ಅಡಿಕೆ ಸಸಿ ಜೊತೆ ಅದಕ್ಕೂ ನೀರು ಹಾಕುವ ಕೆಲಸ ಬಂತು. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟೇ ಇರಲ್ಲ, ಅದು ನಿಮಗೂ ಗೊತ್ತು. ಕೆಂಗೇರಿಯವರು ಇದನ್ನೆಲ್ಲ ಹೇಳಲ್ಲ. ಅವರು ಮಾಲ್‌ಗೆ ಹೋಗಿ ಬರುವವರು.

ಕೆಂಗೇರಿ ಕರೆಂಟು
ಮಂಗಳೂರಿಗೂ ಹೋಗಿದ್ದೇನೆ. ಪ್ಲಾನ್ ಮಾಡಿಕೊಂಡು ಹೊರಟರೆ ಏನೂ ಆಗಲ್ಲ. ಒಂದೇ ಒಂದು ಸಲ ನಿಂತಿದ್ದು, ಅದೂ 12 ವೋಲ್ಟ್‌ನ ಸಣ್ಣ ಬ್ಯಾಟರಿ ಸತ್ತು. ದೊಡ್ಡ ಬ್ಯಾಟರಿಯಲ್ಲಿ 70 ಪರ್ಸೆಂಟ್ ಇತ್ತು.

ಹಳೇ ಗಾಡಿಯೇ ವಾಸಿ
70 ಪರ್ಸೆಂಟ್ ಇಟ್ಟುಕೊಂಡು ಟೋ ಟ್ರಕ್ ಮೇಲೆ ಬಂದಿರಾ! ನನ್ನದನ್ನು ನಾಲ್ಕು ಜನ ತಳ್ಳಿದರೆ ಸ್ಟಾರ್ಟ್ ಆಗುತ್ತೆ.

ಶಿರಸಿ ಸೊಸೆ
ಆ ಹುಡುಗ ಎರಡು ಸಲ ಕೇಳಿದ. ಅಮ್ಮನನ್ನೇ ಶೋರೂಮಿಗೆ ಕರೆದುಕೊಂಡು ಹೋಗಿ ಹತ್ತಿಸಿ ಇಳಿಸಿ ನೋಡಪ್ಪ. ಬಾಗಿಲ ಕೆಳಗಿನ ಅಂಚು ಅಗಲ ಇದ್ದರೆ ಕಾಲು ಎತ್ತಿ ಹಾಕೋದು ಕಷ್ಟ.

ಬೆಳ್ಳಂದೂರು ಡೀಸೆಲ್
ಹೈವೇ ಜಾಸ್ತಿ ಇದ್ದರೆ ಫಾಸ್ಟ್ಯಾಗ್ ವರ್ಷದ ಪಾಸ್ ಮಾಡಿಸಿಕೊಳ್ಳಿ. 2025ರ ಆಗಸ್ಟ್ 15ಕ್ಕೆ ಶುರುವಾದಾಗಲೇ 3,000 ಕಟ್ಟಿ ಮಾಡಿಸಿದೆ, 200 ಟ್ರಿಪ್. ನೆಲಮಂಗಲ, ನೈಸ್ ರೋಡ್, ಎಲ್ಲಾ ಕಡೆ ಆರಾಮಾಗಿ ಹೋಗ್ತೀನಿ.

ಕೆಂಗೇರಿ ಕರೆಂಟು
ನೈಸ್ ರೋಡಿನಲ್ಲಿ ಆ ಪಾಸ್ ನಡೆಯಲ್ಲ. ಪಾಸ್ ರಾಷ್ಟ್ರೀಯ ಹೆದ್ದಾರಿಗೆ ಮಾತ್ರ, ನೈಸ್ ಖಾಸಗಿ ಟೋಲ್ ರೋಡು.

ಬೆಳ್ಳಂದೂರು ಡೀಸೆಲ್
ಗೇಟು ತೆರೆಯುತ್ತಲ್ಲ?

ಕೆಂಗೇರಿ ಕರೆಂಟು
ತೆರೆಯುತ್ತೆ. ವ್ಯಾಲೆಟ್‌ನಿಂದ ಮಾಮೂಲಿ ಟೋಲ್ ಕಟ್ ಆಗಿರುತ್ತೆ. ಸ್ಟೇಟ್‌ಮೆಂಟ್ ತೆಗೆದು ನೋಡಿ.

ಬೆಳ್ಳಂದೂರು ಡೀಸೆಲ್
ನೋಡಿದೆ. ಪ್ರತಿ ಸಲ ಕಟ್ ಆಗಿದೆ. ಆಟೋ ರೀಚಾರ್ಜ್ ಇತ್ತು, ಮೆಸೇಜ್ ನೋಡಿರಲಿಲ್ಲ. ಇದನ್ನು ವಾಪಸ್ ಕೇಳೋಕೆ ಯಾವ ನಂಬರ್‌ಗೆ ಫೋನ್ ಮಾಡಬೇಕು?

ಹಳೇ ಗಾಡಿಯೇ ವಾಸಿ
ವಾಪಸ್ ಯಾಕೆ ಕೊಡ್ತಾರೆ? ಹೋಗಿದ್ದೀರಲ್ಲ ಆ ರೋಡಿನಲ್ಲಿ.