ತಲೆ ಹೋದ ಸ್ಕ್ರೂ, ತಲೆಗೊಂದು ಸಲಹೆ

ಬ್ಯಾಂಕಿನವನ ಯಮಹಾ ಆರ್‌ಎಕ್ಸ್ 100 ಬೈಕಿಗೆ ಕ್ಲಚ್ ಪ್ಲೇಟ್ ಹಾಕಬೇಕಿತ್ತು. ಭಾನುವಾರ ಬೆಳಿಗ್ಗೆ ಮೈಸೂರಿನಲ್ಲಿ ಅವನ ಮನೆ ಮುಂದೆ ಎಲ್ಲರೂ ಸೇರಿದೆವು. ಕೆಲಸ ಮಾಡುವವನು ಒಬ್ಬ, ಹೀಗೆ ಮಾಡು ಹಾಗೆ ಮಾಡು ಅನ್ನುವವರು ಮಿಕ್ಕವರೆಲ್ಲ. ಬಲಗಡೆ ಕವರಿನ ಸ್ಕ್ರೂಗಳು ಒಂದೊಂದಾಗಿ ಬಂದವು, ಕೆಳಗಿನ ಮೂಲೆಯದು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ತಿರುಗಿಸಿದಾಗೆಲ್ಲ ಸ್ಕ್ರೂಡ್ರೈವರ್ ಟಕ್ ಅಂತ ಮೇಲೆ ಹಾರುತ್ತಿತ್ತು, ಹಾರುವಾಗ ಸ್ಕ್ರೂ ತಲೆಯ ಪ್ಲಸ್ ಗೀರಿನ ಅಂಚನ್ನೂ ಒಂಚೂರು ಕೆರೆದುಕೊಂಡು ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಪ್ಲಸ್ ಹೋಗಿ ಅಲ್ಲೊಂದು ಪುಟ್ಟ ಬಟ್ಟಲು ತಯಾರಾಯಿತು.

"ಅದು ಫ್ಯಾನ್ ರೆಗ್ಯುಲೇಟರ್ ಬಿಚ್ಚೋ ಸ್ಕ್ರೂಡ್ರೈವರ್ ಕಣಯ್ಯ," ಅಂದರು ಮೇಷ್ಟ್ರು. ಅವರು ಯೆಜ್ಡಿ ಓಡಿಸುವವರು. ಅದನ್ನು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಇದೇ ಊರಲ್ಲಿತ್ತಲ್ಲ, ಆ ಹಕ್ಕಿನ ಮೇಲೆ ಯಾರ ಬೈಕ್ ಕೆಟ್ಟರೂ ಮಾತಾಡುತ್ತಾರೆ. "ಎಲ್ಲ ಪ್ಲಸ್ಸೂ ಒಂದೇ ಅಂದ್ಕೊಂಡ್ಯಾ? ಜಪಾನಿನವರ ಪ್ಲಸ್ ಬೇರೆ. ಜೆಐಎಸ್ ಅಂತಾರೆ. ನಮ್ಮ ಅಂಗಡೀಲಿ ಸಿಗೋ ಫಿಲಿಪ್ಸ್ ತುದಿ ಅದರ ತಳಕ್ಕೆ ಸರಿಯಾಗಿ ಕೂರೋದೇ ಇಲ್ಲ." ಕೆಳಗೆ ಬಿದ್ದಿದ್ದ ಇನ್ನೊಂದು ಸ್ಕ್ರೂ ಎತ್ತಿ, ಕನ್ನಡಕ ಮೇಲೆ ಸರಿಸಿ, ತಲೆ ಮೇಲಿನ ಸಣ್ಣ ಚುಕ್ಕಿ ತೋರಿಸಿದರು. "ಈ ಚುಕ್ಕಿ ಇದ್ರೆ ಜಪಾನಿನ ಲೆಕ್ಕ."

"ಮೇಷ್ಟ್ರೇ, ಇದನ್ನ ತಲೆ ಇದ್ದಾಗ ಹೇಳ್ಬೇಕಿತ್ತು," ಅಂದ ಬ್ಯಾಂಕಿನವನು.

ಸಾಫ್ಟ್‌ವೇರಿನವನು ಅಷ್ಟರಲ್ಲಿ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡಿದ್ದ. "ಡಬ್ಲ್ಯುಡಿ-40 ಸ್ಪ್ರೇ ಹೊಡಿ ಮಗಾ. 1953ರಲ್ಲಿ ಅಮೆರಿಕದಲ್ಲಿ ಮಾಡಿದ್ದು. 39 ಸಲ ಫೇಲ್ ಆಗಿ 40ನೇ ಸಲ ಸರಿ ಹೋಯ್ತಂತೆ, ಅದಕ್ಕೇ ಆ ಹೆಸರು."

"ಅದನ್ನ ಮಾಡಿದ್ದು ನೀರಿನ ಪಸೆ ಓಡಿಸೋಕೆ ಕಣಯ್ಯ, ಹಿಡ್ಕೊಂಡಿರೋ ಬೋಲ್ಟ್ ಬಿಡಿಸೋಕಲ್ಲ."

"ನೀರೋ ತುಕ್ಕೋ, 39 ಸಲ ಫೇಲ್ ಆಗೋಕೆ ನನ್ನ ಸ್ಕ್ರೂಗೆ ತಲೆ ಎಲ್ಲಿದ್ಯೋ?"

ಮೇಷ್ಟ್ರು ಮನೆಯಿಂದ ಇಂಪ್ಯಾಕ್ಟ್ ಡ್ರೈವರ್ ತರಿಸಿದರು. ಇದು ನಿಜಕ್ಕೂ ಒಳ್ಳೆ ಸಾಮಾನು. ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ಆ ಏಟೇ ತಿರುವಾಗುತ್ತೆ, ತುದಿ ಒಳಗೆ ಒತ್ತಿಕೊಂಡೇ ತಿರುಗುವುದರಿಂದ ಜಾರುವುದು ಕಡಿಮೆ. ಸಾಫ್ಟ್‌ವೇರಿನವನು "ಕೊಡಿ ಮೇಷ್ಟ್ರೇ" ಅಂತ ಕಿತ್ತುಕೊಂಡು, ಬೀದಿ ನಾಯಿಯೆಲ್ಲ ಎದ್ದು ಓಡುವ ಹಾಗೆ ಹೊಡೆದ. ಆಮೇಲೆ ನೋಡಿದರೆ ಡ್ರೈವರ್ ಬಿಗಿ ಮಾಡುವ ಕಡೆಗೆ ಸೆಟ್ ಆಗಿತ್ತು. ಇವನೇ ಹಿಂದೆ ತನ್ನ ಯಮಹಾದ ಬಲಗಡೆ ಕನ್ನಡಿ ಬಿಚ್ಚಲು ಹೋಗಿ, ಅದು ಉಲ್ಟಾ ಥ್ರೆಡ್ ಅಂತ ಗೊತ್ತಿಲ್ಲದೆ, ಪೈಪ್ ಹಾಕಿ ಬಿಗಿ ಮಾಡಿ ಮಾಡಿ ಮುರಿದವನು. ದಿಕ್ಕಿಗೂ ಇವನಿಗೂ ಆಗಿಬರಲ್ಲ.

ಇಷ್ಟಾದರೂ ಲೇತ್ ಅಂಗಡಿಯವನು ಬಾಯಿ ಬಿಟ್ಟಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದ. ಸಾಫ್ಟ್‌ವೇರಿನವನು "ಡ್ರಿಲ್ ಮಾಡಿ ಈಸಿ ಔಟ್ ಹಾಕೋಣ" ಅಂದ ಮೇಲೆ ಲೋಟ ಕೆಳಗಿಟ್ಟ. ಈಸಿ ಔಟ್ ಅಂದರೆ ಸ್ಕ್ರೂವಿಗೆ ಕೊರೆದ ತೂತಿನೊಳಗೆ ಕಚ್ಚಿಸಿ, ತಿರುಗಿಸಿ ಹೊರಗೆ ತೆಗೆಯುವ ಸಾಧನ.

"ಅದರ ಹೆಸರು ಮಾತ್ರ ಈಸಿ. ಗಟ್ಟಿ ಉಕ್ಕು, ಸ್ವಲ್ಪ ಓರೆ ಆದ್ರೂ ಪಟಾರ್ ಅಂತ ಒಳಗೇ ಮುರಿಯುತ್ತೆ. ಆಮೇಲೆ ಅದರ ಮೇಲೆ ಸಾದಾ ಡ್ರಿಲ್ ಬಿಟ್ ಇಟ್ರೆ ಜಾರಿಕೊಂಡು ಪಕ್ಕದ ಅಲ್ಯೂಮಿನಿಯಂ ತಿನ್ನುತ್ತೆ. ನನ್ನ ಅಂಗಡಿಗೆ ಸ್ಕ್ರೂ ಮುರಿದಿದೆ ಅಂತ ಬರೋರು ಕಡಿಮೆ ಗುರು, ಸ್ಕ್ರೂ ತೆಗೆಯೋಕೆ ಹೋಗಿ ಈಸಿ ಔಟ್ ಮುರಿದಿದೆ ಅಂತ ಇಂಜಿನ್ ಗೋಣಿಚೀಲದಲ್ಲಿ ಹೊತ್ಕೊಂಡು ಬರೋರೇ ಜಾಸ್ತಿ."

"ಮತ್ತೆ ಏನ್ ಮಾಡೋದು?"

"ತಲೆ ಹಾರಿಸು."

ಬ್ಯಾಂಕಿನವನ ಮುಖ ಬಿಳಿಚಿಕೊಂಡಿತು. ಆದರೆ ವಿಷಯ ಅಷ್ಟೇ. ಸ್ಕ್ರೂ ಬಿಗಿಯಾಗಿ ಕೂತಿರುವುದು ಅದರ ತಲೆ ಕವರನ್ನು ಒತ್ತಿ ಹಿಡಿದಿರುವುದರಿಂದಲೂ ಹೌದು. ಆರು ಮಿಲಿಮೀಟರ್ ಸ್ಕ್ರೂಗೆ ಆರರದೇ ಡ್ರಿಲ್ ಬಿಟ್ಟು ತಲೆ ಕಡಿದರೆ ಆ ಎಳೆತ ಹೋಗುತ್ತೆ, ಕವರ್ ಸಲೀಸಾಗಿ ಈಚೆ ಬರುತ್ತೆ, ಸ್ಕ್ರೂವಿನ ಮೊಂಡು ಹಿಡಿಯುವಷ್ಟು ಹೊರಗೆ ಉಳಿಯುತ್ತೆ. ಎಲ್ಲರೂ ಹೆದರುವುದು ತಲೆ ಹೋದೀತು ಅಂತ, ಇಲ್ಲಿ ಅದು ಹೋದರೇ ಅನುಕೂಲ. ಹೊರಗೆ ಏನೂ ಉಳಿಯದೆ ಒಳಗೇ ತುಂಡಾಗಿದ್ದರೆ ಮಾತ್ರ ಬೇರೆ ಕತೆ, ಆಗ ಮೇಲೊಂದು ನಟ್ ಇಟ್ಟು ವೆಲ್ಡ್ ಮಾಡಿಸಬೇಕು, ಇಲ್ಲವೇ ಡ್ರಿಲ್ ಮಾಡಿ ಹೊಸ ಥ್ರೆಡ್ ಹಾಕಿಸಬೇಕು.

ಕೇಂದ್ರಕ್ಕೆ ಪಂಚ್ ಇಟ್ಟು ಗುರುತು ಹಾಕಿ ಲೇತ್ ಅಂಗಡಿಯವನೇ ಡ್ರಿಲ್ ಹಿಡಿದ. ತಲೆ ಉಂಗುರವಾಗಿ ಡ್ರಿಲ್ ಬಿಟ್ಟಿಗೆ ಸುತ್ತಿಕೊಂಡು ಬಂತು. ಕವರ್ ಎತ್ತಿದರೆ ಮೊಂಡಿನ ಸುತ್ತ ಬಿಳಿ ಪುಡಿ. "ನೋಡಿ, ಇದೇ ಅಂಟಿಕೊಂಡಿರೋದು. ಉಕ್ಕು, ಅಲ್ಯೂಮಿನಿಯಂ ಜೊತೆಗಿದ್ದು ನೀರು ಬಿದ್ರೆ ಹೀಗೇ."

ಪೆಟ್ರೋಲ್ ಟ್ಯಾಂಕ್ ಕಳಚಿ ದೂರ ಇಟ್ಟೆವು. ಹೀಟ್ ಗನ್ನಿನಲ್ಲಿ ಸ್ಕ್ರೂವಿನ ಸುತ್ತ ಬಿಸಿ ಮಾಡಿದ. ಅಲ್ಯೂಮಿನಿಯಂ ಉಕ್ಕಿನ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತೆ, ಹಾಗಾಗಿ ತೂತು ಒಂದು ಕೂದಲೆಳೆ ಸಡಿಲವಾಗುತ್ತೆ. ಕಚ್ಚಿದರೆ ಬಿಡದ ವೈಸ್ ಗ್ರಿಪ್ ಇಕ್ಕಳ ಹಾಕಿ, ಒಂದು ಚೂರು ಬಿಗಿ ಮಾಡಿ, ಒಂದು ಚೂರು ಬಿಚ್ಚಿ, ಹಿಂದೆ ಮುಂದೆ ಆಡಿಸಿದ. ಕೀರ್ ಅಂತ ಸದ್ದು ಬಂತು. ನಾವೆಲ್ಲ ಉಸಿರು ಬಿಗಿ ಹಿಡಿದೆವು. ಸ್ಕ್ರೂ ಬಂತು.

ಕ್ಲಚ್ ಪ್ಲೇಟ್ ಕೂರಿಸಿದ್ದು ಬೇಗ ಮುಗಿಯಿತು. ಹಳೆ ಸ್ಕ್ರೂ ಬೇಡ, ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಅಲೆನ್ ಬೋಲ್ಟ್ ಸೆಟ್ ಹಾಕು ಅಂತ ಎಲ್ಲರೂ ಒಪ್ಪಿದೆವು. ಆವತ್ತು ನಾವು ಒಪ್ಪಿದ್ದು ಅದೊಂದೇ ವಿಷಯ. ಸಾಫ್ಟ್‌ವೇರಿನವನು "ಗಟ್ಟಿಯಾಗಿರ್ಲಿ" ಅಂತ ಅಲೆನ್ ಕೀಗೆ ಪೈಪ್ ಹುಡುಕಲು ಎದ್ದ.

"ಕೂತ್ಕೊಳೋ!" ಅಂದೆವು ಒಟ್ಟಿಗೆ. ಆರರ ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ಅಂದರೆ ಗಿಡ್ಡ ಕೀ ಹಿಡಿದು ಮಣಿಕಟ್ಟಿನ ಬಲದಲ್ಲಿ ತಿರುಗಿಸಿದಷ್ಟು.

"ಅದಿರ್ಲಿ, ಗ್ಯಾಸ್ಕೆಟ್ ಎಲ್ಲಿ?" ಅಂದ ಲೇತ್ ಅಂಗಡಿಯವನು.

ಕವರಿಗೂ ಇಂಜಿನಿಗೂ ನಡುವೆ ಆಯಿಲ್ ಸೋರದಂತೆ ಇಡುವ ತೆಳು ಹಾಳೆ ಅದು. ಹಳೆಯದು ಅರ್ಧ ಕವರಿಗೆ, ಅರ್ಧ ಇಂಜಿನಿಗೆ ಅಂಟಿಕೊಂಡು ಹರಿದಿತ್ತು. ಭಾನುವಾರ, ಸ್ಪೇರ್ ಅಂಗಡಿ ಬಾಗಿಲು ಹಾಕಿತ್ತು.

ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು. "ನಮ್ಮ ಕಾಲದಲ್ಲಿ ದಪ್ಪ ಕಾಗದ ಇಟ್ಟು, ಅಂಚಿಗೆ ಸುತ್ತಿಗೇಲಿ ಮೆಲ್ಲಗೆ ತಟ್ಟಿ ನಾವೇ ಕತ್ತರಿಸ್ಕೋತಿದ್ವಿ. ಮದುವೆ ಪತ್ರಿಕೆ ಇದ್ರೆ ತಾತ್ಕಾಲಿಕಕ್ಕೆ ನಡಿಯುತ್ತೆ."

ಬ್ಯಾಂಕಿನವನು ಒಳಗೆ ಹೋದ. ಅಟ್ಟದ ಮೇಲೆ ಏನೋ ಸರಿದ ಸದ್ದು. ಆಮೇಲೆ ಅವನ ಹೆಂಡತಿಯ ದನಿ: "ರೀ, ಅದು ನಮ್ಮದು! ಬೇಕಿದ್ರೆ ನಿಮ್ಮ ತಂಗಿದು ತಗೊಳ್ಳಿ."