ಜಾತ್ರೆ ಗದ್ದೆಯಲ್ಲಿ ಬರೀ ಮುಚ್ಚಳ, ನಾಣ್ಯವೇ ಇಲ್ಲ. ಯಾವ ಮೆಟಲ್ ಡಿಟೆಕ್ಟರ್ ತಗೊಳ್ಳಲಿ?

ಪಾವಲಿ_ಪಡುಬಿದ್ರಿ
ತಲೆ ಕೆಟ್ಟು ಹೋಗಿದೆ ಮಾರಾಯ್ರೆ. ಗದ್ದೆ ಇಡೀ ಕಾಯಿಲ್ (ಮಷಿನಿನ ತುದಿಯ ತಟ್ಟೆ) ಆಡಿಸಿ ಆಯ್ತು. ಸೋಡಾ ಮುಚ್ಚಳ, ಕ್ವಾರ್ಟರ್ ಬಾಟ್ಲಿ ಮುಚ್ಚಳ, ಕ್ಯಾನಿನ ಚೂರು, ಪುನಃ ಸೋಡಾ ಮುಚ್ಚಳ. ಜಾತ್ರೆಗೆ ಅಷ್ಟು ಜನ ಬಂದಿದ್ದರು, ಯಾರ ಜೇಬಿನಿಂದಲೂ ಒಂದು ರೂಪಾಯಿ ಬೀಳಲಿಲ್ವಾ? ಗದ್ದೆಯವರ ಒಪ್ಪಿಗೆ ಉಂಟು, ಅದನ್ನು ಕೇಳಬೇಡಿ. ಈ ಮಷಿನ್ ಮಾರಿ ಬೇರೆ ತಗೊಳ್ಳುವುದು ಅಂತ ತೀರ್ಮಾನ ಮಾಡಿದ್ದೇನೆ. ಕಸ ಜಾಸ್ತಿ ಇರುವ ಜಾಗಕ್ಕೆ ಯಾವುದು ಒಳ್ಳೆಯದು? ಬೇಗ ಹೇಳಿ, ಮಳೆ ಹಿಡಿದರೆ ಉಳುಮೆ ಶುರು.

ಮಲ್ಟಿ_ಮಣ್ಣಗುಡ್ಡ
ನಿಮ್ಮದು ಸಿಂಗಲ್ ಫ್ರೀಕ್ವೆನ್ಸಿ, ಅಂದರೆ ಒಂದು ಸಲಕ್ಕೆ ಒಂದೇ ತರಂಗದಲ್ಲಿ ಹುಡುಕುವುದು ಇರಬೇಕು. ಅದೇ ಸಮಸ್ಯೆ. ಕಣ್ಣು ಮುಚ್ಚಿ ಮಲ್ಟಿ ತಗೊಳ್ಳಿ, ಒಟ್ಟಿಗೆ ಹಲವು ತರಂಗದಲ್ಲಿ ಹುಡುಕುವಂಥದ್ದು. ನನ್ನ ಹತ್ತಿರ ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಉಂಟು. ರಿಕವರಿ ಸ್ಪೀಡ್ (ಒಂದು ವಸ್ತು ಹಿಡಿದ ಮೇಲೆ ಮುಂದಿನದಕ್ಕೆ ತಯಾರಾಗುವ ವೇಗ) 1ರಿಂದ 8ರವರೆಗೆ ಇಡಬಹುದು. ಅದರದ್ದೇ 600 ಮಾಡೆಲಿನಲ್ಲಿ ಮೂರೇ ಹಂತ. ಕಸದ ಜಾಗದಲ್ಲಿ ಸ್ಪೀಡ್ ಏರಿಸಿದರೆ ಮೊಳೆಯ ಪಕ್ಕದ ನಾಣ್ಯ ಬೇರೆಯಾಗಿ ಕೇಳುತ್ತದೆ. ಮಾತು ಮುಗೀತು.

ಮುರಕಲ್ಲು_ಮೂಡಬಿದ್ರೆ
ಮುಗಿಯಲಿಲ್ಲ ಸರ್. 11 ಇಂಚಿನ ಕಾಯಿಲ್ ಹಾಕಿಕೊಂಡು ಸ್ಪೀಡ್ ಎಷ್ಟು ಏರಿಸಿದರೂ ಅದರ ಕೆಳಗೆ ಒಂದೇ ಸಲಕ್ಕೆ ನಾಲ್ಕು ಮುಚ್ಚಳ ಬರುತ್ತದೆ. ಮಷಿನ್ ಬದಲಾಯಿಸುವ ಮೊದಲು ಕಾಯಿಲ್ ಬದಲಾಯಿಸಿ. 5-6 ಇಂಚಿನದ್ದು ಸಾಕು. ಆಳ ಕಡಿಮೆಯಾಗುತ್ತದೆ, ನಿಜ. ಆದರೆ ಮೊನ್ನೆ ಬಿದ್ದ ನಾಣ್ಯ ಎಷ್ಟು ಆಳಕ್ಕೆ ಹೋದೀತು?

ಮಲ್ಟಿ_ಮಣ್ಣಗುಡ್ಡ
ಸಣ್ಣ ಕಾಯಿಲ್ ನನ್ನ ಹತ್ತಿರವೂ ಉಂಟು, 6 ಇಂಚಿನ ಡಬಲ್ ಡಿ (ಒಳಗೆ D ಆಕಾರದ ಎರಡು ಸುರುಳಿ ಇರುವುದು). ಮಲ್ಟಿ ಜೊತೆಗೆ ಅದು. ಬರೀ ಕಾಯಿಲ್‌ನಿಂದ ಎಂತ ಆಗುವುದಿಲ್ಲ.

ಕಾಪು_ಕಾನ್ಸೆಂಟ್ರಿಕ್
ಡಬಲ್ ಡಿ ಹಾಕಿಕೊಂಡು ಸೋಡಾ ಮುಚ್ಚಳದ ಜಾಗಕ್ಕೆ ಹೋಗುವವರನ್ನು ನೋಡಿದರೆ ನಗು ಬರುತ್ತದೆ. ಚಪ್ಪಟೆ ಉಕ್ಕಿನ ಮುಚ್ಚಳ ಡಬಲ್ ಡಿ ಕೆಳಗೆ ಬೆಳ್ಳಿಯ ಹಾಗೆ ಹಾಡುತ್ತದೆ. ಕಾನ್ಸೆಂಟ್ರಿಕ್ (ಒಂದರೊಳಗೊಂದು ದುಂಡು ಸುರುಳಿಯ ಕಾಯಿಲ್) ಆದರೆ ಸುಳ್ಳು ಬೇಗ ಗೊತ್ತಾಗುತ್ತದೆ.

ಮುರಕಲ್ಲು_ಮೂಡಬಿದ್ರೆ
ನಿಮ್ಮ ಕಾಪು ಬೀಚಿನ ಒಣ ಮರಳಿಗೆ ಸರಿ. ನಮ್ಮ ಕಡೆ ಕೆಂಪು ಕಲ್ಲಿನ ಮಣ್ಣು, ಕಬ್ಬಿಣದ ಅಂಶ ತುಂಬಿದ ನೆಲ. ಅಲ್ಲಿ ಕಾನ್ಸೆಂಟ್ರಿಕ್ ಇಟ್ಟರೆ ನೆಲವೇ ಗುಂಯ್ ಅನ್ನುತ್ತದೆ. ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಶಬ್ದ ಅಡಗಿಸುವುದು) ಕೈಯಲ್ಲಿ ಮಾಡುವ ವ್ಯವಸ್ಥೆ ಇಲ್ಲದ ಮಷಿನ್ ಆದರೆ ಇನ್ನೂ ಕಷ್ಟ.

ಕಾಪು_ಕಾನ್ಸೆಂಟ್ರಿಕ್
ಪಡುಬಿದ್ರಿಯ ಗದ್ದೆ ಕೆಂಪು ಕಲ್ಲಿನದ್ದು ಅಂತ ನಿಮಗೆ ಹೇಳಿದವರು ಯಾರು?

ಮುರಕಲ್ಲು_ಮೂಡಬಿದ್ರೆ
ಕಾನ್ಸೆಂಟ್ರಿಕ್ ನಡೆಯುತ್ತದೆ ಅಂತ ನಿಮಗೆ ಹೇಳಿದವರು ಯಾರು?

ಮಲ್ಟಿ_ಮಣ್ಣಗುಡ್ಡ
ಇದಕ್ಕೇ ಹೇಳಿದ್ದು, ಮಲ್ಟಿ ತಗೊಂಡರೆ ಈ ಜಗಳವೇ ಇಲ್ಲ. ಒದ್ದೆ ಉಪ್ಪು ಮರಳಿನಲ್ಲೂ ಸಿಂಗಲ್ ಮಷಿನ್ ಕಿರುಚುತ್ತದೆ, ಮಲ್ಟಿ ಸುಮ್ನೆ ಇರುತ್ತದೆ. ಮಳೆಗಾಲ ಮುಗಿದ ಮೇಲೆ ತಣ್ಣೀರುಬಾವಿಗೆ ಬನ್ನಿ, ತೋರಿಸುತ್ತೇನೆ. ಈಗ ಕಾರ್ಬನ್ ಫೈಬರ್ ಶಾಫ್ಟ್ ಹಾಕಿಸಿದ್ದೇನೆ. ಮರಳು ಸೋಸುವ ಸ್ಟೀಲ್ ಸ್ಕೂಪ್ ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ಹೇಳಿ ಮಾಡಿಸಿದ್ದು. ಅಂಗಡಿಯದ್ದಕ್ಕಿಂತ ಗಟ್ಟಿ. ತೂತು 10 ಮಿಮೀ ಇಡಿಸಿದ್ದೇನೆ, ಮರಳು ಬೇಗ ಇಳಿಯುತ್ತದೆ. ಫೋಟೋ ಹಾಕಲಾ?

ಮಲ್ಪೆ_ಸೀಸ
ಹಾಕಿ ಹಾಕಿ. ನಾನು ಪೈಪಿನಲ್ಲಿ ಮಾಡಿದ ಹಿಡಿ ಹಾಕಿದ್ದೇನೆ, ತೂಕ ಜಾಸ್ತಿ. ಮಲ್ಪೆಯಲ್ಲಿ ನನಗೆ ನಾಣ್ಯಕ್ಕಿಂತ ಬಲೆಯ ಸೀಸದ ಗುಂಡೇ ಸಿಗುವುದು. ಒಂದು ಬಾಲ್ದಿ ಆಗಿದೆ.

ಪಾವಲಿ_ಪಡುಬಿದ್ರಿ
ನನ್ನ ಪ್ರಶ್ನೆ ಎಂತ ಆಯ್ತು? ಸ್ಕೂಪ್ ಉಂಟು ನನ್ನ ಹತ್ತಿರ. ಮಷಿನ್ ಹೇಳಿ. ಇಲ್ಲಿ ಆಗದಿದ್ದರೆ ಬಾರ್ಕೂರು ಕಡೆ ಹೋಗುವ ಯೋಚನೆಯೂ ಉಂಟು, ಹಳೆಯ ಊರು, ಅಲ್ಲಿ ಕಸ ಕಡಿಮೆ ಇರಬಹುದು.

ಹಳೆಬೀಡು_ಕಡೆಯವ
ಬಾರ್ಕೂರಿಗೆ ಮಷಿನ್ ಹಿಡಿದುಕೊಂಡು ಹೋಗಬೇಡಿ ದಯವಿಟ್ಟು. ತುಳುನಾಡನ್ನು ಆಳಿದ ಅಳುಪ ಅರಸರ ರಾಜಧಾನಿ ಅದು. ರಕ್ಷಿತ ಜಾಗದಲ್ಲಿ ಅಗೆಯುವ ಹಾಗೇ ಇಲ್ಲ. ಹೊರಗೆ ಸಿಕ್ಕಿದರೂ ನಿಧಿ ಕಾಯ್ದೆ ಉಂಟು, ಜಿಲ್ಲಾಧಿಕಾರಿಗೆ ತಿಳಿಸಬೇಕು.

ಮಲ್ಪೆ_ಸೀಸ
ಕಾಯ್ದೆ ಎಲ್ಲ ಮೂರ್ತಿ, ಶಾಸನಕ್ಕೆ ಅಲ್ವಾ? ಒಂದು ತಾಮ್ರದ ಕಾಸಿಗೆ ಯಾರು ಕೇಳುತ್ತಾರೆ?

ಹಳೆಬೀಡು_ಕಡೆಯವ
1972ರ ಪುರಾತನ ವಸ್ತು ಕಾಯ್ದೆ ಓದಿ. 100 ವರ್ಷ ದಾಟಿದ ನಾಣ್ಯವೂ ಅದರಲ್ಲಿ ಬರುತ್ತದೆ. ಜೋಡಿ ಮೀನಿನ ಗುರುತಿನ ಅಳುಪರ ನಾಣ್ಯ ಯಾವ ಮಣ್ಣಿನಲ್ಲಿ, ಯಾವುದರ ಪಕ್ಕ ಇತ್ತು ಅನ್ನುವುದೇ ಇತಿಹಾಸ. ಕಿತ್ತು ತೆಗೆದು ಜೇಬಿಗೆ ಹಾಕಿದರೆ ಅದು ಹೋಯ್ತು.

ಉದ್ಯಾವರ_ಕಿವಿ
ಪಾವಲಿ ಅವರೇ, ಇಷ್ಟು ಹೊತ್ತು ಯಾರೂ ಕೇಳದ್ದನ್ನು ಕೇಳುತ್ತೇನೆ. ಈಗ ಇರುವ ಮಷಿನ್ ಎಂಥದ್ದು, ಯಾವ ಮೋಡ್‌ನಲ್ಲಿ ಇಟ್ಟಿದ್ದೀರಿ, ಎಷ್ಟು ಇಂಚಿನ ಕಾಯಿಲ್? ಎಲ್ಲಕ್ಕಿಂತ ಮೊದಲು, ಯಾವ ನಾಣ್ಯ ಹುಡುಕುತ್ತಿದ್ದೀರಿ? ಜಾತ್ರೆಯಲ್ಲಿ ಬಿದ್ದ ಈಗಿನದ್ದಾ, ಹಳೆಯದ್ದಾ?

ಪಾವಲಿ_ಪಡುಬಿದ್ರಿ
ಬಿಗಿನರ್ ಮಷಿನ್, 9 ಇಂಚಿನ ಕಾಯಿಲ್. ಕಾಯಿನ್ ಮೋಡ್ ಅಲ್ಲದೆ ಮತ್ತೆಂತ? ನಾಣ್ಯ ಹುಡುಕುವುದಲ್ವಾ. ವಿಡಿಯೋದಲ್ಲೂ ಎಲ್ಲರೂ ಹಾಗೇ ಹೇಳುವುದು. ಈಗಿನ ನಾಣ್ಯ ಆದರೂ ಸಾಕು, ಬ್ಯಾಟರಿ ಖರ್ಚಿಗಾದರೂ ಆಗಲಿ.

ಉದ್ಯಾವರ_ಕಿವಿ
ಅಲ್ಲೇ ಇರುವುದು ವಿಷಯ. ವಿಡಿಯೋ ಮಾಡುವವರು ಅಮೆರಿಕದವರು. ಅವರ ಡೈಮ್, ಕ್ವಾರ್ಟರ್ ನಾಣ್ಯ ತಾಮ್ರದ ಮಿಶ್ರಣ. ಕಾಯಿನ್ ಮೋಡ್ ಅಂದರೆ ಅವರ ನಾಣ್ಯದ ಲೆಕ್ಕಕ್ಕೆ ಕಬ್ಬಿಣ, ಫಾಯಿಲ್, ಪುಲ್‌ಟ್ಯಾಬ್ (ಕ್ಯಾನ್ ತೆರೆಯುವ ಬಳೆ) ಬರುವ ಕಡೆ ಶಬ್ದ ತೆಗೆದು ಹಾಕುವುದು.

ನಮ್ಮ 1 ರೂಪಾಯಿ 1992ರಿಂದ ಸ್ಟೇನ್‌ಲೆಸ್ ಸ್ಟೀಲ್. 25 ಪೈಸೆ, 50 ಪೈಸೆ 1988ರಿಂದಲೇ. 2 ರೂಪಾಯಿ 2005ರ ನಂತರ. ಅದೂ ಪಾತ್ರೆಯ ಸ್ಟೀಲ್ ಹಾಗಲ್ಲ, ಮ್ಯಾಗ್ನೆಟ್ ಹಿಡಿಯುವ ಫೆರಿಟಿಕ್ ಜಾತಿ. ಅಂದರೆ ಡಿಟೆಕ್ಟರಿಗೆ ಅದು ಕಬ್ಬಿಣದ ಸಾಲಿನದ್ದು. ಕಾಯಿನ್ ಮೋಡ್‌ನಲ್ಲಿ ನೀವು ಅದರ ಮೇಲೆಯೇ ನಡೆದುಕೊಂಡು ಹೋಗಿದ್ದೀರಿ, ಮಷಿನ್ ಬಾಯಿ ಮುಚ್ಚಿಕೊಂಡಿದೆ. ಕ್ವಾರ್ಟರ್ ಬಾಟ್ಲಿಯ ಅಲ್ಯುಮಿನಿಯಂ ಮುಚ್ಚಳ ಮಾತ್ರ ಚೆಂದ ಕೂಗಿದೆ.

ಈಗಿನ 5 ರೂಪಾಯಿ ನಿಕಲ್ ಹಿತ್ತಾಳೆ, ಅದು ಕೇಳಬೇಕು. 10ರ ಹೊರಬಳೆ ಅಲ್ಯುಮಿನಿಯಂ ಕಂಚು, ಅದೂ ಕೇಳಬೇಕು. ಜೇಬಿನಲ್ಲಿರುವ ಎಲ್ಲ ನಾಣ್ಯವನ್ನು ಅಂಗಳದಲ್ಲಿಟ್ಟು ಒಂದೊಂದರ ಮೇಲೂ ಕಾಯಿಲ್ ಆಡಿಸಿ ನೋಡಿ.

ಮಲ್ಟಿ_ಮಣ್ಣಗುಡ್ಡ
ಮಲ್ಟಿ ಇದ್ದರೆ ಸ್ಟೀಲ್ ನಾಣ್ಯವೂ ಬೇರೆಯಾಗಿ ಕಾಣುತ್ತದೆ.

ಉದ್ಯಾವರ_ಕಿವಿ
ಸೋಡಾ ಮುಚ್ಚಳದಿಂದ ಬೇರೆಯಾಗಿ? ಎರಡೂ ಚಪ್ಪಟೆ, ಎರಡೂ ದುಂಡು, ಎರಡೂ ಮ್ಯಾಗ್ನೆಟ್ ಹಿಡಿಯುವ ಉಕ್ಕು. ಇಂಗ್ಲೆಂಡಿನವರ 1, 2 ಪೆನ್ನಿ ಕೂಡ 1992ರಿಂದ ಉಕ್ಕಿನ ಮೇಲೆ ತಾಮ್ರದ ಲೇಪ. ದುಬಾರಿ ಮಷಿನ್ ಇಟ್ಟುಕೊಂಡವರೂ ಅಲ್ಲಿ ಗೊಣಗುತ್ತಾರೆ.

ಪಾವಲಿ_ಪಡುಬಿದ್ರಿ
ಆಡಿಸಿ ನೋಡಿದೆ. 1 ರೂಪಾಯಿ, 2 ರೂಪಾಯಿ, 50 ಪೈಸೆ ಪೂರ್ತಿ ಮೌನ. 5, 10 ಕೂಗುತ್ತದೆ. ಯಾವ ಲೋಹವನ್ನೂ ಬಿಡದ ಆಲ್ ಮೆಟಲ್ ಮೋಡ್‌ಗೆ ಹಾಕಿದರೆ ಎಲ್ಲ ಕೂಗುತ್ತದೆ. ಆದರೆ ಗದ್ದೆಯಲ್ಲಿ ಆಲ್ ಮೆಟಲ್ ಇಟ್ಟರೆ ಚಪ್ಪರದ ಮೊಳೆಯೂ ಕೂಗುತ್ತದೆ ಅಲ್ವಾ? ಹೆಜ್ಜೆಗೊಂದು ಗುಂಡಿ ತೋಡಲಾ?

ಉದ್ಯಾವರ_ಕಿವಿ
ತೋಡಬೇಡಿ. ಜಾತ್ರೆಯ ಚಿಲ್ಲರೆಗೆ ಡಿಟೆಕ್ಟರ್ ಬೇಡವೇ ಬೇಡ. ಹಾಳಾದ ಸ್ಪೀಕರಿನ ಮ್ಯಾಗ್ನೆಟ್ ಒಂದನ್ನು ಕೋಲಿಗೆ ಕಟ್ಟಿ, ಒಣ ಧೂಳಿನ ಮೇಲೆ ಎಳೆಯಿರಿ. ಮೊಳೆ, ಮುಚ್ಚಳ, 1 ರೂಪಾಯಿ ಒಟ್ಟಿಗೆ ಬರುತ್ತದೆ. ಕಣ್ಣಲ್ಲಿ ಹೆಕ್ಕುವುದು. ನಾಳೆ ಗದ್ದೆಗೆ ಇಳಿಯುವವರ ಕಾಲಿಗೆ ಮೊಳೆಯೂ ಉಳಿಯುವುದಿಲ್ಲ.

ಆಮೇಲೆ ಅದೇ ಜಾಗದಲ್ಲಿ ಕಬ್ಬಿಣದ ಶಬ್ದ ಮಾತ್ರ ತೆಗೆದುಹಾಕುವ ಹಾಗೆ ಮಷಿನ್ ಇಟ್ಟು ನಡೆಯಿರಿ. ಫಾಯಿಲ್, ಪುಲ್‌ಟ್ಯಾಬ್ ಸಾಲನ್ನು ಮುಚ್ಚಬೇಡಿ. ಹಳೆಯ 5 ರೂಪಾಯಿ ಕ್ಯುಪ್ರೊನಿಕಲ್ (ತಾಮ್ರ-ನಿಕಲ್ ಮಿಶ್ರಣ), ವಿದ್ಯುತ್ತನ್ನು ತಾಮ್ರ-ಬೆಳ್ಳಿಯಷ್ಟು ಹಾಯಿಸುವುದಿಲ್ಲ, ಕಸದ ನಡುವೆಯೇ ಸುತ್ತಾಡುತ್ತದೆ. ಉಕ್ಕಿನ ಮುಚ್ಚಳದ ಸಂಶಯ ಬಂದರೆ ಕಾಯಿಲನ್ನು ಅಡ್ಡ ಆಡಿಸುತ್ತಲೇ ಮೆಲ್ಲ ನಿಮ್ಮ ಕಡೆಗೆ ಎಳೆಯಿರಿ. ಗುರಿಯಿಂದ ಕಾಯಿಲ್ ಕಳಚುವಾಗ ಶಬ್ದ ಗೊರ್ ಅಂತ ಕಬ್ಬಿಣಕ್ಕೆ ಇಳಿದರೆ ಮುಚ್ಚಳ. ಕೊನೆಯವರೆಗೂ ಒಂದೇ ಸ್ವರ ಇದ್ದರೆ ತೋಡಿ.

ಕಾಪು_ಕಾನ್ಸೆಂಟ್ರಿಕ್
ಇದನ್ನೇ ನಾನು ಹೇಳಿದ್ದು, ಕಾನ್ಸೆಂಟ್ರಿಕ್ ಆದರೆ ಎಳೆಯುವ ಕೆಲಸವೂ ಇಲ್ಲ.

ಹಳೆಬೀಡು_ಕಡೆಯವ
ಒಂದು ಸೇರಿಸುತ್ತೇನೆ. ಮ್ಯಾಗ್ನೆಟ್‌ಗೆ ಅಂಟಿದ್ದೆಲ್ಲ ಹೊಸದು ಅಂತ ಗುಜರಿಗೆ ಹಾಕಬೇಡಿ. 1947ರ ಒಂದು ರೂಪಾಯಿ ಶುದ್ಧ ನಿಕಲ್, ಅದೂ ಅಂಟುತ್ತದೆ.

ಪಾವಲಿ_ಪಡುಬಿದ್ರಿ
ಮ್ಯಾಗ್ನೆಟ್ ಸಿಕ್ಕಿತು, ಗ್ಯಾರೇಜಿನವರು ಸುಮ್ನೆ ಕೊಟ್ಟರು. ಮೊದಲ ಮೂಲೆಯಲ್ಲೇ 1 ಮತ್ತು 2ರ ನಾಣ್ಯ ಬಂತು, ಮೊಳೆ ಹಿಡಿ ತುಂಬ. ಮಷಿನ್ ಸದ್ಯ ಮಾರುವುದಿಲ್ಲ. ಆದರೆ ಅಜ್ಜಿ ಮನೆಯ ಹಿತ್ತಲು ಉಂಟು, ಅಲ್ಲಿ ಕಾಲಾಣೆ ಇರಬಹುದು. ಹೆಂಚು ಕಟ್ಟಿದ ತಂತಿ, ಹಳೆ ಲಾಳ ಎಲ್ಲ ತುಂಬಿದೆ. ಅದಕ್ಕೆ?

ಮುರಕಲ್ಲು_ಮೂಡಬಿದ್ರೆ
ಕಾಲಾಣೆ ತಾಮ್ರ, ಕಂಚು. ಸ್ವರ ಗಟ್ಟಿ ಬರುತ್ತದೆ, ಕಬ್ಬಿಣದ ನಡುವೆ ಅದನ್ನು ಕೇಳಿಸಿಕೊಳ್ಳುವುದಷ್ಟೇ ಕಷ್ಟ. ಈಗಲಾದರೂ ಸಣ್ಣ ಕಾಯಿಲ್ ತಗೊಳ್ಳಿ. ನಿಮ್ಮ ಮಷಿನಿಗೆ 4.5 ಇಂಚಿನದ್ದು ಸಿಗುತ್ತದಾ ನೋಡಿ. ನಿಧಾನ ಆಡಿಸಿ, ಎರಡು ದಿಕ್ಕಿನಿಂದ. ಹಣ ಇದ್ದರೆ ಆಮೇಲೆ ಗ್ರೌಂಡ್ ಬ್ಯಾಲೆನ್ಸ್ ಇರುವ ನೋಕ್ಟಾ ಸಿಂಪ್ಲೆಕ್ಸ್ ತರದ್ದು ನೋಡಬಹುದು.

ಮಲ್ಟಿ_ಮಣ್ಣಗುಡ್ಡ
ಸಿಂಪ್ಲೆಕ್ಸ್ ಸಿಂಗಲ್.

ಮುರಕಲ್ಲು_ಮೂಡಬಿದ್ರೆ
ಗೊತ್ತು ಸರ್.

ಮಲ್ಪೆ_ಸೀಸ
ನಡುವೆ ಬಾಯಿ ಹಾಕುತ್ತೇನೆ, ಬ್ಲೂಟೂತ್ ಹೆಡ್‌ಫೋನಿನಲ್ಲಿ ಶಬ್ದ ತಡವಾಗಿ ಬರುತ್ತದೆ. ಕಾಯಿಲ್ ಮುಂದೆ ಹೋದ ಮೇಲೆ ಕೂಗುವುದು. ಎಂತ ಮಾಡುವುದು?

ಕಾಪು_ಕಾನ್ಸೆಂಟ್ರಿಕ್
ವಯರ್ ಇರುವುದು ಹಾಕಿ. ಮತ್ತೆ ಆ ಸ್ಕೂಪಿನ ಫೋಟೋ ಎಲ್ಲಿ?