ತಂಬೂರಿ ಆ್ಯಪ್ ಮಿಕ್ಸರ್‌ನಲ್ಲಿ ಕೇಳುತ್ತಿಲ್ಲ, ಮೃದಂಗ ಒಡೆಯುತ್ತಿದೆ: ಭಾನುವಾರ ಸಂಗೀತ ಕಚೇರಿ ಇದೆ, ಸಹಾಯ ಮಾಡಿ

ಮಂದ್ರಷಡ್ಜ:
ಭಾನುವಾರ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಚಿಕ್ಕ ಕಚೇರಿ. ಹಾಡುಗಾರಿಕೆ, ಪಿಟೀಲು, ಮೃದಂಗ. ಮೈಕ್‌ಗಳ ಸದ್ದನ್ನೆಲ್ಲ ಒಟ್ಟು ಸೇರಿಸುವ, ಬ್ಯಾಗಿನಲ್ಲಿ ಹಿಡಿಸುವಂಥ ಮಿಕ್ಸರ್ ಇದೆ. ನಾಲ್ಕು ಮೈಕ್ ಚಾನೆಲ್, ಜೊತೆಗೆ 5/6 ಅಂತ ಒಂದು ಸ್ಟೀರಿಯೊ ಚಾನೆಲ್. ನಿನ್ನೆ ಎಲ್ಲ ಜೋಡಿಸಿ ನೋಡಿದೆ, ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಫೋನಿನ ತಂಬೂರಿಯನ್ನು ನಾಲ್ಕನೇ ಚಾನೆಲ್‌ಗೆ ಕೊಟ್ಟಿದ್ದೇನೆ. ಎಲ್ಲೋ ಪಕ್ಕದ ಮನೆಯಲ್ಲಿ ಮೀಟಿದ ಹಾಗೆ ಕೇಳುತ್ತದೆ. ಗೇನ್ (ಒಳಗೆ ಬರುವ ಸದ್ದನ್ನು ಹಿಗ್ಗಿಸುವ ಗುಂಡಿ) ಪೂರ್ತಿ ತಿರುಗಿಸಿದರೆ ಬರೀ ಸುಯ್ ಅನ್ನುವ ಸದ್ದು ಜಾಸ್ತಿಯಾಗುತ್ತದೆ. ಅದೇ ಫೋನಿಗೆ ಇಯರ್‌ಫೋನ್ ಹಾಕಿದರೆ ಚೆನ್ನಾಗಿ ಕೇಳುತ್ತದೆ. ಕೇಬಲ್ ಹೊಸದು.

ಇನ್ನೊಂದು, ಮೃದಂಗದ ಚಾನೆಲ್‌ನಲ್ಲಿ ಕೆಂಪು ಲೈಟ್ ಹತ್ತಿ ಸದ್ದು ಒಡೆಯುತ್ತದೆ. ಚಾನೆಲ್‌ನಿಂದ ಹೊರಹೋಗುವ ಸದ್ದು ಏರಿಳಿಸುವ ಫೇಡರ್ ಅರ್ಧಕ್ಕಿಂತ ಕೆಳಗೆ ಇಳಿಸಿದರೂ ಅಷ್ಟೇ.

ಹಳೇಮೈಕು:
ಕೇಬಲ್ ಕೆಟ್ಟಿರಲಾರದು. ಮಿಕ್ಸರ್ ಕಡೆಯ ದಪ್ಪ ಪಿನ್ ನೋಡಿ ಹೇಳಿ, ಅದರ ಮೇಲೆ ಕಪ್ಪು ಗೆರೆ ಒಂದಿದೆಯೋ ಎರಡೋ?

ಮಂದ್ರಷಡ್ಜ:
ಎರಡು ಸರ್.

ಹಳೇಮೈಕು:
ಹಾಗಾದರೆ ಸಮಸ್ಯೆ ಸಿಕ್ಕಿತು. ಎರಡು ಗೆರೆ ಅಂದರೆ ಸ್ಟೀರಿಯೊ ಪಿನ್. ತುದಿಯಲ್ಲಿ ಎಡಗಡೆಯ ಸದ್ದು, ನಡುವಿನ ಬಳೆಯಲ್ಲಿ ಬಲಗಡೆಯದು. ಆದರೆ ನಾಲ್ಕನೇ ಚಾನೆಲ್‌ನ ಜ್ಯಾಕ್ ಬ್ಯಾಲೆನ್ಸ್ಡ್ ಮಾದರಿಯದು. ಅದು ತುದಿಯಲ್ಲಿ ಬಂದಿದ್ದರಿಂದ ಬಳೆಯಲ್ಲಿ ಬಂದಿದ್ದನ್ನು ಕಳೆದು, ಉಳಿದದ್ದನ್ನು ಮಾತ್ರ ಮುಂದೆ ಕಳಿಸುತ್ತದೆ. ಉದ್ದ ಮೈಕ್ ಕೇಬಲ್‌ನಲ್ಲಿ ಎರಡೂ ತಂತಿಗೆ ಒಂದೇ ಥರ ಸೇರುವ ಗುಂಯ್ ಸದ್ದು ಹೀಗೆ ಕಳೆದುಹೋಗಲಿ ಅಂತಲೇ ಈ ಏರ್ಪಾಡು. ನಿಮ್ಮ ತಂಬೂರಿ ಆ್ಯಪ್ ಎರಡೂ ಕಡೆಗೆ ಹೆಚ್ಚುಕಡಿಮೆ ಒಂದೇ ಸದ್ದು ಕೊಡುತ್ತಿದೆ, ಹಾಗಾಗಿ ತಂಬೂರಿಯೇ ಕಳೆದುಹೋಗುತ್ತಿದೆ. ನಿಮಗೆ ಕೇಳುತ್ತಿರುವುದು ಎಡಬಲದ ನಡುವೆ ಇರುವ ಅಷ್ಟಿಷ್ಟು ವ್ಯತ್ಯಾಸ.

ಪರೀಕ್ಷೆ ಮಾಡಬೇಕಾ? ಮೊದಲು ಗೇನ್ ಪೂರ್ತಿ ಇಳಿಸಿ, ಇಲ್ಲದಿದ್ದರೆ ಕಿವಿಗೆ ಬಡಿಯುತ್ತದೆ. ಆಮೇಲೆ ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎಡ-ಬಲ ಬ್ಯಾಲೆನ್ಸ್ ಪಟ್ಟಿಯನ್ನು ಪೂರ್ತಿ ಎಡಕ್ಕೆ ಎಳೆದು, ಗೇನ್ ನಿಧಾನಕ್ಕೆ ಏರಿಸಿ.

ಮಂದ್ರಷಡ್ಜ:
ಎಡಕ್ಕೆ ಎಳೆದ ತಕ್ಷಣ ತಂಬೂರಿ ಇಡೀ ಕೋಣೆ ತುಂಬಿತು! ನಿನ್ನೆಯಿಂದ ಒದ್ದಾಡುತ್ತಿದ್ದೆ ಸರ್.

ಹಳೇಮೈಕು:
ಭಾನುವಾರ ಹೀಗೇ ಬಿಟ್ಟರೂ ನಡೆಯುತ್ತದೆ. ಆದರೆ 5/6 ಖಾಲಿ ಇದೆಯಲ್ಲ, ಅಲ್ಲಿಗೇ ಕೊಡುವುದು ಸರಿ. ಒಂದು ಕಡೆ ಇಪಿ ಪಿನ್ (ಫೋನಿಗೆ ಹಾಕುವ ಸಣ್ಣ ಪಿನ್), ಇನ್ನೊಂದು ಕಡೆ ಒಂದೊಂದೇ ಗೆರೆಯ ಎರಡು ಪಿ-38 ಪಿನ್ (ಮಿಕ್ಸರ್‌ಗೆ ಹಾಕುವ ದಪ್ಪ ಪಿನ್) ಇರುವ ಕವಲು ಕೇಬಲ್ ಕೇಳಿ. ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ನಲ್ಲಿ ಸಿಗುತ್ತದೆ. ಎಡದ್ದು 5ಕ್ಕೆ, ಬಲದ್ದು 6ಕ್ಕೆ. ನಾಲ್ಕನೇ ಚಾನೆಲ್ ಉಳಿಯಿತು, ಮೃದಂಗದ ಎಡಗಡೆಗೆ ಇನ್ನೊಂದು ಮೈಕ್ ಇಡಬಹುದು.

ತನಿಆವರ್ತನ:
ಮೃದಂಗದ ವಿಷಯ ನಾನು ಹೇಳುತ್ತೇನೆ, ನುಡಿಸುವವನು. ಸದ್ದು ಒಡೆಯುತ್ತಿರುವುದು ಫೇಡರ್‌ಗೆ ಬರುವ ಮೊದಲೇ, ಗೇನ್ ಹತ್ತಿರ. ಅಲ್ಲಿ ಒಡೆದದ್ದನ್ನು ಕೆಳಗೆ ಇಳಿಸಿದರೆ ಒಡೆದ ಸದ್ದೇ ಸಣ್ಣದಾಗಿ ಕೇಳುತ್ತದೆ, ಅಷ್ಟೇ. ಫೇಡರ್ ಅನ್ನು 0 ಗುರುತಿಗೆ ತನ್ನಿ, ಗೇನ್ ಪೂರ್ತಿ ಇಳಿಸಿ, ಮೈಕ್ ಸರಿಯಾದ ಜಾಗದಲ್ಲಿಟ್ಟು ನುಡಿಸಲು ಹೇಳಿ.

ಇಲ್ಲೇ ಎಲ್ಲರೂ ತಪ್ಪುವುದು. 'ಸುಮ್ನೆ ಸ್ವಲ್ಪ ನುಡಿಸಿ' ಅಂದರೆ ನಾವು ಮೆಲ್ಲಗೆ ಎರಡು ನಡೆ ನುಡಿಸಿ ನಿಲ್ಲಿಸುತ್ತೇವೆ. ಸಂಜೆ ತನಿಯಲ್ಲಿ (ಮೃದಂಗ ಒಂದೇ ನುಡಿಯುವ ಭಾಗ) ಕೈ ಹಾಗಿರುವುದಿಲ್ಲ. ಕೋರ್ವೆ, ಮುಕ್ತಾಯ ಅಂಥ ಮುಗಿಸುವ ಜತಿಗಳನ್ನು ಪೂರ್ತಿ ಜೋರಿನಲ್ಲಿ ನುಡಿಸಿಸಿ. ಗೇನ್ ಏರಿಸುತ್ತಾ ಹೋಗಿ, ಕೆಂಪು ಲೈಟ್ ಮಿಣುಕಿದಲ್ಲಿ ನಿಲ್ಲಿಸಿ, ಅಲ್ಲಿಂದ ಸಾಕಷ್ಟು ಹಿಂದಕ್ಕೆ ತಿರುಗಿಸಿ ಬಿಟ್ಟುಬಿಡಿ. ಕಚೇರಿ ನಡೆಯುವಾಗ ಫೇಡರ್ ಮಾತ್ರ ಮುಟ್ಟಿ.

ಗೇನ್ ಪೂರ್ತಿ ಇಳಿಸಿದರೂ ಕೆಂಪು ಬಂದರೆ, ಬರುವ ಸದ್ದನ್ನು ಮೊದಲೇ ತಗ್ಗಿಸುವ ಪ್ಯಾಡ್ ಗುಂಡಿ ಒತ್ತಿ. ಅದಿಲ್ಲವಾದರೆ ಮೈಕ್ ಹಿಂದಕ್ಕೆ ಸರಿಸಿ. ದೂರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನನಗಂತೂ ವಾದ್ಯಕ್ಕೆ ಅಂಟಿಸಿದ ಮೈಕ್‌ಗಿಂತ ಒಂದು ಗೇಣು ದೂರದ್ದೇ ಇಷ್ಟ. ಚಾಪು (ಬಲಗಡೆಯ ಒಂದು ಪೆಟ್ಟು) ನಿಜವಾದ ಚಾಪಿನ ಹಾಗೆ ಕೇಳುತ್ತದೆ. ಮತ್ತೆ, ಲೋ ಕಟ್ ಗುಂಡಿಯನ್ನು ಹಾಡುವವರ ಮೈಕ್‌ಗೆ ಒತ್ತಿ, ಮೃದಂಗಕ್ಕೆ ಬೇಡ. ದಯವಿಟ್ಟು. ಸಾಮಾನ್ಯವಾಗಿ ಅದು 80-100 ಹರ್ಟ್ಸ್‌ನ ಕೆಳಗಿನದನ್ನು ತೆಗೆಯುತ್ತದೆ. ರವೆ ಹಚ್ಚಿದ ತೊಪ್ಪಿಯ (ಮೃದಂಗದ ಎಡಗಡೆಯ) ಗುಮುಕಿ, ಅಂದರೆ ಗುಂ ಅನ್ನುವ ಆಳದ ಸದ್ದು, ತುಂಬಿಕೊಳ್ಳುವುದು ಅಲ್ಲೇ.

ಹಳೇಮೈಕು:
ಒಂದು ಎಚ್ಚರಿಕೆ. ಪಿಟೀಲಿಗೆ ಕಂಡೆನ್ಸರ್ ಮೈಕ್ ಇಟ್ಟರೆ 48 ವೋಲ್ಟ್ ಗುಂಡಿ ಒತ್ತಬೇಕಾಗುತ್ತದೆ. ಚಿಕ್ಕ ಮಿಕ್ಸರ್‌ಗಳಲ್ಲಿ ಆ ಒಂದೇ ಗುಂಡಿ ಸಾಮಾನ್ಯವಾಗಿ ಎಲ್ಲ ಮೈಕ್ ಚಾನೆಲ್‌ಗೂ ಕರೆಂಟ್ ಕೊಡುತ್ತದೆ. ಫೇಡರ್‌ಗಳನ್ನು ಇಳಿಸಿಯೇ ಒತ್ತಿ. ಫೋನನ್ನು ಮೂರು ಪಿನ್ನಿನ ಮೈಕ್ ತೂತಿಗೆ ನೇರ ಜೋಡಿಸುವ ಕೇಬಲ್ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ, ಆ 48 ವೋಲ್ಟ್ ಫೋನಿಗೂ ಹೋಗಬಹುದು.

ಮಂದ್ರಷಡ್ಜ:
ಸೋಮವಾರ ಬರೆಯುತ್ತಿದ್ದೇನೆ. ಕವಲು ಕೇಬಲ್ ಹಾಕಿದೆ, ತಂಬೂರಿ ಸೊಗಸಾಗಿ ಬಂತು. ತನಿ ಮುಗಿಯುವವರೆಗೂ ಕೆಂಪು ಲೈಟ್ ಹತ್ತಲಿಲ್ಲ. ಶುರುವಿನಲ್ಲಿ ಮಾತ್ರ ತಂಬೂರಿ ಚಾನೆಲ್‌ನಲ್ಲಿ ಗುಂಯ್ ಅಂತ ಬರುತ್ತಿತ್ತು. ಫೋನ್ ಚಾರ್ಜಿಗೆ ಹಾಕಿದ್ದೆ. ಚಾರ್ಜರ್ ಕಿತ್ತೆ, ನಿಂತಿತು.